ಲೈಬ್ರರಿ ಮಾತು – 7: ಜರ್ನಲ್ ಹೆಸರು ಬದಲಾಯ್ತು, ಭಾಷೆ?

ಫೋಟೊದಲ್ಲಿರೋದು ನಮ್ಮ ಬಿಳಿಗೆರೆ ಕಡೆಯ ಒಂದು ಅರಿವು ಕೇಂದ್ರ. ಮೊದಲು ಪಂಚಾಯ್ತಿ ಲೈಬ್ರರಿ ಅಂತಿದ್ವಲ್ಲ, ಅದೇ. ನನ್ನ ಡಿಸರ್ಟೇಷನ್ ಇಲ್ಲಿನ ಓದುಗರ ಬಗ್ಗೆ.

ಮುಗಿದ ಮೇಲೆ ಒಂದು ಪ್ರತಿ ಕೊಡೋಕೆ ಹೋದೆ. ಮೇಲ್ವಿಚಾರಕಿ ಅಕ್ಕ ಎರಡು ಪುಟ ತಿರುವಿ ಹಾಕಿ ಕೇಳಿದ್ರು: "ನಮ್ಮ ಬಗ್ಗೆನೇ ಬರ್ದಿದ್ದೀಯ. ನಮಗೇ ಅರ್ಥ ಆಗಲ್ವಲ್ಲಪ್ಪ?"

ಈ ಪ್ರಶ್ನೆ ನನಗೊಬ್ಬನಿಗೇ ಅಲ್ಲ, ನಮ್ಮ ವಿಷಯದ ಜರ್ನಲ್‌ಗಳಿಗೂ ಸೇರಿದ್ದು.

1964ರಲ್ಲಿ ಎಸ್. ಆರ್. ರಂಗನಾಥನ್ ಬೆಂಗಳೂರಿನಿಂದ 'ಲೈಬ್ರರಿ ಸೈನ್ಸ್ ವಿತ್ ಎ ಸ್ಲ್ಯಾಂಟ್ ಟು ಡಾಕ್ಯುಮೆಂಟೇಷನ್' ಶುರು ಮಾಡಿದ್ರು. ಕಾಲ ಬದಲಾದ ಹಾಗೆ ಅದು 'ಎಸ್‌ಆರ್‌ಇಎಲ್‌ಎಸ್ ಜರ್ನಲ್ ಆಫ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್' ಆಯ್ತು. ಈಗ 'ಜರ್ನಲ್ ಆಫ್ ಇನ್ಫರ್ಮೇಷನ್ ಅಂಡ್ ನಾಲೆಡ್ಜ್'. ವರ್ಗೀಕರಣದಿಂದ ಡೇಟಾವರೆಗೆ, ಅಚ್ಚಿನಿಂದ ಆನ್‌ಲೈನ್‌ವರೆಗೆ ಬಂದಿದೆ. ಗ್ರಂಥಾಲಯ ಬೆಳೆಯುವ ಜೀವಿ ಅಂದವರ ಜರ್ನಲ್ ಬೆಳೀಲೇಬೇಕು, ಬೆಳೀತು.

ಓದೋ ದಾರಿನೂ ಸಲೀಸಾಗಿದೆ. 2025ರ ಜನವರಿಯಲ್ಲಿ ಶುರುವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ 3 ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಸಿಗ್ತವೆ. ಒಳ್ಳೇದೇ. ಆದ್ರೆ ಅಕ್ಕನ ಅರಿವು ಕೇಂದ್ರ ಆ ಪಟ್ಟಿಯಲ್ಲಿ ಬರಲ್ಲ. ಬಂದ್ರೂ ಇಂಗ್ಲಿಷಿನ ಗೋಡೆ ಹಾಗೇ ಇರುತ್ತೆ.

"ಇಂಗ್ಲಿಷಲ್ಲಿ ಬರೆದ್ರೆ ತಾನೇ ಪ್ರಪಂಚ ಓದೋದು?" ಅಂತೀರಾ. ಸರಿ, ಇಡೀ ಲೇಖನ ಕನ್ನಡದಲ್ಲಿರಲಿ ಅಂತ ನಾನೂ ಹೇಳ್ತಿಲ್ಲ. ಕೆನಡಾದ ಗ್ರಂಥಾಲಯ ವಿಜ್ಞಾನದ ಜರ್ನಲ್ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಸಾರಾಂಶ ಹಾಕುತ್ತೆ. ಕರ್ನಾಟಕದ ಲೈಬ್ರರಿಗಳ ಬಗ್ಗೆ ಬರೆದಾಗ ಒಂದು ಪುಟ ಕನ್ನಡ ಹಾಕೋಕೆ ನಮಗೇನು ಕಷ್ಟ?

ನಾನು ಆ ಒಂದು ಪುಟ ಬರೆದು ಕೊಟ್ಟು ಬಂದೆ. ಅಕ್ಕ ನಿಂತಲ್ಲೇ ಓದಿ ತಪ್ಪು ಹಿಡಿದ್ರು! "ಸಂಜೆ ಮಕ್ಕಳು ಕಮ್ಮಿ ಅಂತ ಹಾಕಿದ್ದೀಯಲ್ಲ, ನೀನು ಬಂದಿದ್ದು ನಂಜನಗೂಡು ದೊಡ್ಡ ಜಾತ್ರೆ ವಾರ. ಆಗ ಯಾವ ಹುಡುಗ್ರು ಬಂದು ಓದ್ತಾರೆ?" 😅

ಗೈಡ್ ಓದಿದ್ರು, ಕ್ಲಾಸಲ್ಲಿ ಪ್ರೆಸೆಂಟ್ ಮಾಡಿದ್ದೆ. ಯಾರಿಗೂ ಹೊಳೆದಿರ್ಲಿಲ್ಲ. ಕನ್ನಡ ಸಾರಾಂಶ ಅಂದ್ರೆ ಊರಿಗೆ ಮಾಡೋ ಉಪಕಾರ ಅಂದ್ಕೊಂಡಿದ್ದೆ. ಉಪಕಾರ ಆಗಿದ್ದು ನನ್ನ ಸಂಶೋಧನೆಗೆ.

ಜರ್ನಲ್‌ಗಳು ಬದಲಾಗೋವರೆಗೂ ಕಾಯೋದು ಬೇಡ. ಈ ವರ್ಷ ಡಿಸರ್ಟೇಷನ್ ಬರೀತಿರೋ ಫ್ರೆಂಡ್ಸ್, ಕೊನೆಗೆ ಒಂದು ಪುಟ ಕನ್ನಡ ಸೇರಿಸಿ. ಅದನ್ನ ಬೈಂಡಿಂಗ್‌ಗೆ ಕೊಡೋ ಮೊದಲು ಯಾರ ಬಗ್ಗೆ ಬರೆದ್ರೋ ಅವರಿಗೆ ಓದಿಸಿ. ಏನು ತಪ್ಪು ಹಿಡಿದ್ರು ಅಂತ ಕಾಮೆಂಟಲ್ಲಿ ಹೇಳಿ 👇

#ಬಿಳಿಗೆರೆ #ಲೈಬ್ರರಿಮಾತು #ಅರಿವುಕೇಂದ್ರ