ಪರದೆಗೆ ಕಿಡಿ ಬಿದ್ದರೆ ಯಾರು ಹೊಣೆ?

ಮಲಪ್ರಭೆಯ ದಂಡೆಯ ಕೊಣ್ಣೂರಿನಂಥ ಊರುಗಳಲ್ಲಿ ಜಾತ್ರೆಗೆ ನಾಟಕ ಬೇಕು, ನಾಟಕಕ್ಕೆ ಪರದೆ ಬೇಕು. ಗರುಡ ಸದಾಶಿವರಾಯರ ಕಂಪನಿ ಕಂಡ ಗದಗ ಸೀಮೆಯ ಮಂದಿಗೆ ಇದನ್ನು ಬಿಡಿಸಿ ಹೇಳಬೇಕೇನ್ರಿ? ಆದರೆ ಹೊಳಪು, ಅಗ್ಗ ಇವೆರಡನ್ನೇ ನೋಡಿ ಬಟ್ಟೆ ಆರಿಸಿದರೆ ಹೇಗೆ? ನೈಲಾನು, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಮೈಗೆ ಅಂಟುತ್ತವೆ. ಹತ್ತಿಯೂ ಬೆಂಕಿ ತಡೆಯುವ ದ್ರಾವಣ ಹಚ್ಚದಿದ್ದರೆ ಭುಗಿಲೆನ್ನುತ್ತದೆ. ಒಗೆದರೆ ಹಚ್ಚಿದ್ದೂ ತೊಳೆದು ಹೋದೀತು. ಹ್ಯಾಲೋಜನ್ ದೀಪದಿಂದ ಪರದೆ ಮಾರುದೂರ ಇರಲಿ.

ಬಣ್ಣದ ಸೀನು ಮಡಚಿದರೆ ಬಿರಿಯುತ್ತದೆ, ಬಿದಿರಿಗೆ ಸುತ್ತಿಡಬೇಕು. 2019ರ ನೆರೆ ಕಂಡ ಊರಿನಲ್ಲಿ ಅದನ್ನು ನೆಲಕ್ಕಿಡುವುದಂತೂ ಸಲ್ಲ. ಪಟ್ಟಿ ಎತ್ತುವ ಹಿರಿಯರು ಪರದೆಯ ಪಾಲನ್ನೂ ತೆಗೆದಿಡಲಿ, ಜೋಪಾನವನ್ನು ಒಬ್ಬರ ಹೆಸರಿಗೆ ಹಚ್ಚಲಿ. ಊರಿನದೆಂದು ಬಿಟ್ಟರೆ ಅದು ಯಾರದೂ ಆಗುವುದಿಲ್ಲ.