ಏಳು ದಿನದ ಶಿಬಿರ ಸಾಲದು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಿಂದ ದುಡಿಯುವ ಮಕ್ಕಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದರೆ ಮನೆ, ದನ, ಮೊಮ್ಮಕ್ಕಳ ಹೊಣೆಯೆಲ್ಲ ವಯಸ್ಸಾದವರ ಮೇಲೆ ಬೀಳುತ್ತದೆ. ಅಂಥ ಮನೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ದೂರದೂರಿನ ದುಡಿಮೆಯೂ ನಿಲ್ಲುತ್ತದೆ. ಇದನ್ನು ಹಣೆಬರಹವೆಂದು ಬಿಡಬೇಕಿಲ್ಲ. 108 ಪ್ರಯೋಗಗಳನ್ನು ಒಳಗೊಂಡ 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ವ್ಯಾಯಾಮದಿಂದ ಹಿರಿಯರು ಬೀಳುವ ಪ್ರಮಾಣ ಶೇ. 23ರಷ್ಟು ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ಕಸರತ್ತು ಇರಲಿ ಎನ್ನುತ್ತದೆ. ಇಷ್ಟು ನಿಯಮಿತವಾಗಿ ಹಳ್ಳಿಗೆ ಫಿಸಿಯೊಥೆರಪಿಸ್ಟರನ್ನು ಕಳಿಸುವುದು ಆಗದ ಮಾತು. ಆದರೆ ದಿನಾ ಅದೇ ಹಳ್ಳಿಯಿಂದ ಬಸ್ಸು ಹಿಡಿದು ಡಿಗ್ರಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಇದ್ದಾರೆ; ಊರ ಕಟ್ಟೆಯಲ್ಲಿ ಈ ಕಸರತ್ತನ್ನು ಅವರೇ ಮಾಡಿಸಬಹುದು.

ಹೊಲದಲ್ಲಿ ದುಡಿದವರಿಗೆ ವ್ಯಾಯಾಮವೇಕೆ ಎಂದು ಕೇಳುವವರುಂಟು. ಬಾಗಿ ನಾಟಿ ಮಾಡಿದ, ಹತ್ತಿ ಬಿಡಿಸಿದ ಮೈ ದಣಿದಿರುತ್ತದೆ, ನಿಜ. ಆದರೆ ದುಡಿಮೆ ಬಿಟ್ಟು ಕಟ್ಟೆ ಹಿಡಿದ ಮೇಲೆ ತೊಡೆಯ ಶಕ್ತಿ ಬೇಗ ಕುಗ್ಗುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂಡುವುದು, ಗುಡಿಯ ಕಂಬ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು: ಬೇಕಾದದ್ದು ಇಷ್ಟೇ. ಕಟ್ಟೆಗೆ ಬರದ ಹೆಂಗಸರಿಗೆ ಅಂಗನವಾಡಿಯ ಅಂಗಳ, ಬೇಸಿಗೆಯಲ್ಲಿ ಬಿಸಿಲೇರುವ ಮುನ್ನಿನ ಹೊತ್ತು ಗೊತ್ತುಮಾಡಬೇಕು. ವಿದ್ಯಾರ್ಥಿಗಳಿಗೆ ತರಬೇತಿ ಇಲ್ಲವೆಂಬ ಆತಂಕ ಸರಿಯಾದದ್ದೇ. ಹಾಗಾಗಿ ಮೊದಲು ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿ, ಎದೆನೋವು, ತಲೆಸುತ್ತು ಇದ್ದವರನ್ನು ವೈದ್ಯರ ಬಳಿ ಕಳಿಸಬೇಕು. ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆಯುವುದು ಈಗ ಪಠ್ಯಕ್ರಮದಲ್ಲೇ ಇರುವುದರಿಂದ, ಯಾದಗಿರಿಯ ವೈದ್ಯಕೀಯ ಕಾಲೇಜು ಈ ತರಬೇತಿಯ ಹೊಣೆ ಹೊರಬಹುದು.

ಸರ್ಟಿಫಿಕೇಟು ಸಿಕ್ಕೊಡನೆ ಹುಡುಗರು ಮಾಯವಾಗುತ್ತಾರೆಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಅದಕ್ಕೆ ಕಾರಣ ಹುಡುಗರಿಗಿಂತ ಹೆಚ್ಚಾಗಿ ಏಳು ದಿನದ ಶಿಬಿರದಲ್ಲೇ ಸೇವೆ ಮುಗಿಸುವ ನಮ್ಮ ಚಟ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ ಸ್ವಯಂಸೇವಕರಿಂದ ವರ್ಷಕ್ಕೆ 120 ಗಂಟೆ ಸೇವೆ ಕೇಳುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷವೆಂದರೆ ವರ್ಷಕ್ಕೆ 104 ಗಂಟೆ. ಇಬ್ಬರು ಪಾಳಿ ಹಾಕಿಕೊಂಡರೆ ತಲಾ 52. ಪರೀಕ್ಷೆ, ರಜೆಯ ದಿನಗಳಲ್ಲಿ ಮಹಿಳಾ ಸ್ವಸಹಾಯ ಸಂಘದವರು ನಡೆಸಲಿ. ಹಿರಿಯರ ದಿನವೆಂದು ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುವ ಬದಲು, ಕಾಲೇಜುಗಳು ಪ್ರತಿ ಸ್ವಯಂಸೇವಕರ ಈ 52 ಗಂಟೆಗಳನ್ನು ಒಂದೊಂದು ಹಳ್ಳಿಯ ಹೆಸರಿಗೆ ಬರೆದಿಡಲಿ.