ಹಳೆಯ ಕಾರನ್ನು ಸಾಕುವುದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಮೋಟಾರು ಕಾರು ಸಾಮಾನ್ಯರ ಕೈಗೆ ಎಟುಕುವ ವಸ್ತುವಾಗಿದ್ದರೆ, ‘ಹಳೆಯ ಕಾರು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಅವರು ತಪ್ಪದೆ ಸೇರಿಸುತ್ತಿದ್ದರು. ಮನೆ ಕಟ್ಟುವ ಕೆಲಸ ಎಂದಾದರೊಂದು ದಿನ ಮುಗಿಯುತ್ತದೆ. ಮದುವೆಯ ಗದ್ದಲವೂ ಎರಡು ದಿನಕ್ಕೆ ಅಡಗುತ್ತದೆ. ಹಳೆಯ ಕಾರಿನ ಕೆಲಸಕ್ಕೆ ಮಾತ್ರ ಮುಕ್ತಾಯವೆಂಬುದಿಲ್ಲ.

ಈ ವಿಷಯವನ್ನು ಇಲ್ಲಿ ಎತ್ತುವುದಕ್ಕೆ ಕಾರಣವುಂಟು. ಇತ್ತೀಚೆಗೆ ನಮ್ಮ ಕಾಲೇಜಿನ ಕೆಲವು ತರುಣ ಮಿತ್ರರಿಗೆ ಹಳೆಯ ಕಾರುಗಳ ಮೋಹ ಹತ್ತಿದೆ. ಚಲನಚಿತ್ರಗಳಲ್ಲಿಯೂ ಮದುವೆಯ ಛಾಯಾಚಿತ್ರಗಳಲ್ಲಿಯೂ ಅವುಗಳ ಮಿರುಗುವ ಮೈಯನ್ನು ಕಂಡು, ಸಂಪಾದನೆ ಆರಂಭವಾದೊಡನೆ ಒಂದನ್ನು ಕೊಳ್ಳಬೇಕೆಂದು ಅವರು ಸಂಕಲ್ಪ ಮಾಡಿದ್ದಾರೆ. ನನ್ನ ಬಳಿ 1986ನೆಯ ಇಸವಿಯ ಪ್ರೀಮಿಯರ್ ಪದ್ಮಿನಿಯೊಂದು ಇರುವುದರಿಂದ ಸಲಹೆಗಾಗಿ ನನ್ನಲ್ಲಿಗೇ ಬರುತ್ತಾರೆ. “ಸಾರ್, ಎಷ್ಟಕ್ಕೆ ಸಿಗುತ್ತದೆ?” ಎಂಬುದು ಅವರ ಮೊದಲನೆಯ ಪ್ರಶ್ನೆ, ಅನೇಕ ವೇಳೆ ಅದೇ ಕೊನೆಯ ಪ್ರಶ್ನೆಯೂ ಹೌದು. ಆ ಪ್ರಶ್ನೆಯನ್ನು ಎರಡನೆಯದಾಗಿ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಕೊಂಡ ಮೇಲೆ ಇದನ್ನು ಸಾಕುವುದು ಹೇಗೆ, ಯಾರ ಕೈಯಿಂದ ಎಂಬುದನ್ನು ಮೊದಲು ಕೇಳಬೇಕು. ಅದಕ್ಕೆ ಉತ್ತರವಿಲ್ಲದವನು ಕಾರು ಕೊಳ್ಳದಿರುವುದೇ ಕಾರಿಗೂ ಕ್ಷೇಮ, ಅವನಿಗೂ ಕ್ಷೇಮ.

ಹಳೆಯ ಕಾರು ಎಂದೊಡನೆ ಅರಮನೆಯ ರೋಲ್ಸ್ ರಾಯ್ಸನ್ನೇ ನೆನೆಯಬೇಕಾಗಿಲ್ಲ. ಅಂಥವುಗಳನ್ನು ನೋಡಬೇಕೆಂದರೆ ಧರ್ಮಸ್ಥಳದ ಕಾರುಗಳ ಸಂಗ್ರಹಕ್ಕೆ ಹೋಗಿ ಕಣ್ತುಂಬ ನೋಡಿ ಬರಬಹುದು. ಸಂಬಳದ ಮನುಷ್ಯನು ಆಸೆಪಡಬಹುದಾದವು ಬೇರೆ. ಒಂದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ ತಯಾರಿಸುತ್ತಿದ್ದ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿ, 2014ರವರೆಗೂ ಬಾಳಿತು. ಇನ್ನೊಂದು, ಇಟಲಿಯ ಫಿಯೆಟ್ 1100ರ ಸಂತಾನವಾದ ಪದ್ಮಿನಿ; 1970ರ ದಶಕದಲ್ಲಿ ಈ ಹೆಸರು ಪಡೆದು, ಸುಮಾರು 2000ದವರೆಗೆ ಮುಂಬಯಿಯಲ್ಲಿ ತಯಾರಾಯಿತು. ಆಗಿನ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಉಂಟು. 1983ರ ಡಿಸೆಂಬರಿನಲ್ಲಿ ಬಂದು ಇವೆಲ್ಲವನ್ನೂ ಹಿಂದಿಕ್ಕಿದ ಮಾರುತಿ 800 ಕೂಡ ಈಗ ಹಳೆಯದರ ಸಾಲಿಗೆ ಸೇರಿದೆ. ಇವು ಅಪರೂಪದ ವಸ್ತುಗಳಲ್ಲ. ವೈದ್ಯರು, ವಕೀಲರು, ಅಮಲ್ದಾರರು, ಟ್ಯಾಕ್ಸಿ ಚಾಲಕರು ವರ್ಷಗಟ್ಟಲೆ ಸರದಿಯಲ್ಲಿ ಕಾದು ಕೊಂಡು, ಮಕ್ಕಳಂತೆ ನೋಡಿಕೊಂಡ ಗಾಡಿಗಳು.

ಕನ್ನಡಿಗರಿಗೆ ಈ ಕಥೆಯಲ್ಲಿ ಒಂದು ಪಾಲೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿದ್ದರು. ವಾಲಚಂದ ಹೀರಾಚಂದರೊಡಗೂಡಿ ಅದನ್ನು ಮೈಸೂರು ಸಂಸ್ಥಾನದಲ್ಲಿ ನೆಲೆಗೊಳಿಸುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ವಾಲಚಂದರು 1944ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. ಪದ್ಮಿನಿ ಹುಟ್ಟಿದ್ದು ಆ ಸಂಸ್ಥೆಯಲ್ಲಿ.

ಇನ್ನು ಕೊಳ್ಳುವ ಮಾತು. ಹೊಸಬರು ಎಂಜಿನ್ನಿನ ಸದ್ದು ಕೇಳಿ, ಬಣ್ಣದ ಹೊಳಪು ನೋಡಿ ಮರುಳಾಗುತ್ತಾರೆ. ಬಲ್ಲವರು ಮೊದಲು ನೆಲಕ್ಕೆ ಕುಳಿತು ಗಾಡಿಯ ಕೆಳಗೆ ಇಣುಕುತ್ತಾರೆ. ಅದೇಕೆಂದರೆ, ಪದ್ಮಿನಿಯಂಥ ಕಾರಿಗೆ ಲಾರಿಗಿರುವಂತೆ ಬೇರೆ ಚೌಕಟ್ಟಿಲ್ಲ. ಅದರ ತಗಡಿನ ಮೈಯೇ ಅದರ ಎಲುಬಿನ ಗೂಡು. ಎಂಜಿನ್ ಕೆಟ್ಟರೆ ಬಿಚ್ಚಿ ಹೊಸದಾಗಿ ಕೂಡಿಸಬಹುದು. ಎಲುಬೇ ತುಕ್ಕು ಹಿಡಿದರೆ ಚಿಕಿತ್ಸೆ ಸುಲಭವಲ್ಲ. ಕಾಲಿಡುವ ನೆಲ, ಬಾಗಿಲುಗಳ ಕೆಳಗಿನ ಪಟ್ಟಿ, ಬಾಗಿಲುಗಳ ಅಡಿ, ಡಿಕ್ಕಿಯೊಳಗೆ ಸ್ಟೆಪ್ನಿ ಇಡುವ ಗುಂಡಿ, ಮುಂದಿನ ಗಾಜಿನ ರಬ್ಬರಿನ ಅಂಚು ಇವು ತುಕ್ಕಿನ ತವರು. ಕರಾವಳಿಯಲ್ಲಿ ಬಹುಕಾಲ ಓಡಿದ ಗಾಡಿಯನ್ನು ಎರಡು ಸಲ ನೋಡಬೇಕು. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನು ಇಟ್ಟುಕೊಂಡು ಹೋಗಿರಿ. ತಗಡಿಗೆ ಅದು ಅಂಟಿಕೊಳ್ಳುತ್ತದೆ. ತೂತು ಮುಚ್ಚಲು ಮೆತ್ತಿದ ಪಟ್ಟಿಗೆ ಅಂಟುವುದಿಲ್ಲ. ಮಾರುವವನ ಮಾತಿಗಿಂತ ಇದರ ಮಾತು ನಿಜ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲನ್ನು ಕುಡಿಯುತ್ತಿದೆ ಎಂದರ್ಥ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಕಂಡರೆ ನೀರು ಒಳಗೆ ಸೇರಿರಬಹುದು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಗೀರು ಸವೆಯದಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಳ್ಳಬಾರದು.

ದುಡ್ಡಿನ ಲೆಕ್ಕವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾನು ಪದ್ಮಿನಿಯನ್ನು 2014ರಲ್ಲಿ 60,000 ರೂಪಾಯಿಗೆ ಕೊಂಡೆ. ಕೊಳ್ಳುವ ಮೊದಲೇ ಇನ್ನೊಂದು 60,000ವನ್ನು ಬೇರೆ ತೆಗೆದಿಟ್ಟಿದ್ದೆ. ಬೆಲೆ ಎಷ್ಟೋ ಅಷ್ಟೇ ಹಣ ಕೈಯಲ್ಲಿ ಉಳಿದಿರಬೇಕೆಂಬುದು ಬಲ್ಲವರ ಸೂತ್ರ. ಎರಡು ವರ್ಷಗಳಲ್ಲಿ ತಗಡು ಮತ್ತು ಬಣ್ಣದ ಕೆಲಸಕ್ಕೆ 38,000, ಬ್ರೇಕು ಮತ್ತು ಟೈರುಗಳಿಗೆ 17,000, ವೈರಿಂಗ್ ಮತ್ತು ಆಸನಗಳಿಗೆ 14,000 ಖರ್ಚಾಗಿ, ತೆಗೆದಿಟ್ಟ ಹಣ ಮುಗಿದು ಮೇಲೆ 9,000 ಕೈಯಿಂದ ಹೋಯಿತು. ಆದ್ದರಿಂದ ಅಗ್ಗದ ಹಳೆಯ ಕಾರು ಎಂಬ ಮಾತಿಗೆ ನಾನು ಕಿವಿಗೊಡುವುದಿಲ್ಲ. ಒಳ್ಳೆಯ ಸ್ಥಿತಿಯ ಗಾಡಿಗೆ ಮೊದಲೇ ಹೆಚ್ಚು ಕೊಡುವುದು, ಕೆಟ್ಟ ಗಾಡಿಗೆ ಕಡಮೆ ಕೊಟ್ಟು ಆಮೇಲೆ ಸುರಿಯುವುದಕ್ಕಿಂತ ಎಷ್ಟೋ ಮೇಲು.

ಕೊಂಡ ಮೇಲಿನ ನಿತ್ಯವಿಧಿಗಳೂ ಸಾಕಷ್ಟು ಉಂಟು. ಹೊಸ ಕಾರಿನ ಬಾನೆಟ್ಟನ್ನು ವರ್ಷಕ್ಕೊಮ್ಮೆ ತೆರೆದರೆ ಸಾಕು. ಹಳೆಯದನ್ನು ವಾರಕ್ಕೊಮ್ಮೆ ತೆರೆಯಬೇಕು. ನೀರು, ಆಯಿಲ್ ನೋಡಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಮೆ; ಅದು ಕೂದಲೆಳೆಯಷ್ಟು ಹೆಚ್ಚು ಕಡಮೆಯಾದರೂ ಗಾಡಿ ಬೆಳಗಿನ ಚಳಿಯಲ್ಲಿ ಮುನಿಸಿಕೊಳ್ಳುತ್ತದೆ. ಮುಂಚಕ್ರಗಳ ಕೀಲುಗಳಿಗೆ ಆಗಾಗ ಗ್ರೀಸು ಒತ್ತಿಸಬೇಕು. ಬ್ರೇಕಿನ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಈಗ ಪೆಟ್ರೋಲಿನ ಚಿಂತೆಯೂ ಸೇರಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲೆಲ್ಲ ಹರಡಿತು. ಕಬ್ಬು ಬೆಳೆಯುವ ರೈತನಿಗೆ ಇದರಿಂದ ಲಾಭವಾದರೆ ಸಂತೋಷವೇ. ಆದರೆ ಎಥನಾಲ್ ತೇವವನ್ನು ಸೆಳೆಯುತ್ತದೆ, ಹಳೆಯ ಕಾಲದ ರಬ್ಬರನ್ನು ಸಡಿಲಗೊಳಿಸುತ್ತದೆ. ಪೆಟ್ರೋಲಿನ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಅದನ್ನು ತಾಳಬಲ್ಲ ಬಗೆಯವಕ್ಕೆ ಬದಲಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ ಟ್ಯಾಂಕಿನಲ್ಲಿ ಪೆಟ್ರೋಲು ಕೊಳೆಯಿಸಬಾರದು.

ಇವೆಲ್ಲಕ್ಕೂ ಹಣ ಸಾಕಾಗುತ್ತದೆ ಎನ್ನೋಣ. ಹಣದಿಂದ ಮಾತ್ರ ಸಿಗದ ಒಂದು ಸಾಮಗ್ರಿ ಉಂಟು. ಅದು ಮೆಕ್ಯಾನಿಕ್ಕಿನ ಕೈ. ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಚೆನ್ನೈಯ ಪುದುಪೇಟೆಯಲ್ಲಿ ಹುಡುಕಬಹುದು. ಅವನ್ನು ಕೂಡಿಸುವವರು ಯಾರು? ನನ್ನ ಗಾಡಿಯನ್ನು ನೋಡಿಕೊಳ್ಳುವ ಹಿರಿಯರಿಗೆ ಎಪ್ಪತ್ತು ದಾಟಿದೆ. ಅವರು ಕಂಪ್ಯೂಟರು ಜೋಡಿಸಿ ರೋಗ ಕಂಡುಹಿಡಿಯುವವರಲ್ಲ. ಒಂದು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾರೆ. “ಮೂರನೆಯ ವಾಲ್ವು” ಎನ್ನುತ್ತಾರೆ. ಬಿಚ್ಚಿದರೆ ಮೂರನೆಯ ವಾಲ್ವೇ. ಕಾರ್ಬ್ಯುರೇಟರಿನ ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿ ಗಾಡಿಯ ಕೆಮ್ಮು ನಿಲ್ಲಿಸುತ್ತಾರೆ. ಈ ವಿದ್ಯೆ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ. ಅವರ ಮಗ ಬೇರೆ ಉದ್ಯೋಗ ಹಿಡಿದಿದ್ದಾನೆ, ಅವನನ್ನು ಆಕ್ಷೇಪಿಸುವಂತಿಲ್ಲ. ವಾರಕ್ಕೆರಡು ಹಳೆಯ ಗಾಡಿ ಬಂದರೆ ಯಾವ ಸಂಸಾರ ನಡೆದೀತು? ನಾವು ಚೌಕಾಶಿ ಮಾಡಿ ಅವರಿಗೆ ಕೊಡುವ ಕೂಲಿಯನ್ನು, ಹೊಸ ಕಾರಿನ ಷೋರೂಮಿನಲ್ಲಿ ಚಕಾರವೆತ್ತದೆ ತೆರುವ ಮೊತ್ತದೊಂದಿಗೆ ಹೋಲಿಸಿ ನೋಡಿದರೆ ನಾಚಿಕೆಯಾಗಬೇಕು. ಈ ಗಾಡಿಗಳು ಉಳಿಯುವುದು ಈ ಕೈಗಳು ಉಳಿಯುವಷ್ಟು ಕಾಲ ಮಾತ್ರ.

ಕಾನೂನಿನ ಕಡೆಗೂ ಸ್ವಲ್ಪ ನೋಡಬೇಕು. ಕಾರಿನ ನೋಂದಣಿ ಹದಿನೈದು ವರ್ಷದವರೆಗೆ. ಅನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆಗೊಳಪಡಿಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ ಇನ್ನೂ ಹೆಚ್ಚಾಯಿತು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಕಾಗದಪತ್ರ ಸರಿಯಿಲ್ಲದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಮುಟ್ಟಬಾರದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ಎಂಬ ಮಾನ್ಯತೆಯನ್ನೂ ಪ್ರತ್ಯೇಕ ಸಂಖ್ಯೆಯನ್ನೂ ಕೊಡುವ ನಿಯಮ ಮಾಡಿತು. ಒಳ್ಳೆಯ ಕೆಲಸ. ಆದರೆ ಹದಿನೈದರಿಂದ ಐವತ್ತರವರೆಗಿನ ಮೂವತ್ತೈದು ವರ್ಷ ಕಾರಿನ ಗತಿಯೇನು? ನನ್ನ ಪದ್ಮಿನಿ 2036ರಲ್ಲಿ ಪೂಜ್ಯವಾಗುತ್ತದೆ; ಅಲ್ಲಿಯವರೆಗೆ ಅದು ಬರಿಯ ಮುದಿ ಗಾಡಿ. ಚೆನ್ನಾಗಿ ಇಟ್ಟುಕೊಂಡ, ವರ್ಷಕ್ಕೆ ಒಂದೆರಡು ಸಾವಿರ ಕಿಲೋಮೀಟರು ಮಾತ್ರ ಓಡುವ ಇಂಥ ಕಾರುಗಳಿಗೆ ನಡುವಣ ಒಂದು ವರ್ಗ ಬೇಕು. ವಯಸ್ಸನ್ನು ಮಾತ್ರ ಎಣಿಸದೆ ಹೊಗೆಯನ್ನೂ ಬ್ರೇಕನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಲಿ; ತೇರ್ಗಡೆಯಾದವಕ್ಕೆ ಬಾಳಲು ಬಿಡಲಿ.

ಇದಕ್ಕೆ ಪ್ರತಿಯಾಗಿ ಹೇಳುವವರ ಮಾತಿನಲ್ಲಿಯೂ ಸತ್ಯವಿದೆ. ಹಳೆಯ ಕಾರು ಹೊಸದಕ್ಕಿಂತ ಹೆಚ್ಚು ಹೊಗೆ ಬಿಡುತ್ತದೆ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕುಗಳೇ. ಗಾಳಿಚೀಲ ಮೊದಲಾದ ಇಂದಿನ ರಕ್ಷಣೆಗಳು ಅದಕ್ಕಿಲ್ಲ. 1,089 ಸಿ.ಸಿ.ಯ ಎಂಜಿನ್ನು, ಸುಮಾರು ನಲವತ್ತು ಅಶ್ವಶಕ್ತಿ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಅದು ಓಡುವ ಕುದುರೆಗಳ ನಡುವಿನ ಎತ್ತಿನಂತೆ. ಆದ್ದರಿಂದಲೇ ದಿನನಿತ್ಯದ ಓಡಾಟಕ್ಕೆ ಇದೊಂದೇ ಗಾಡಿ ಎಂದು ನೆಚ್ಚಿ ಕೊಳ್ಳಬಾರದು. ಭಾನುವಾರದ ಬೆಳಗ್ಗೆ, ಊರ ಹೊರಗಿನ ಸಣ್ಣ ರಸ್ತೆಯಲ್ಲಿ, ಐವತ್ತರ ವೇಗದಲ್ಲಿ ಓಡಿಸಬೇಕು. ಮುಂಬಯಿಯಂಥ ಮಹಾನಗರವೇ ತನ್ನ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳನ್ನು 2023ರ ಅಕ್ಟೋಬರಿನಲ್ಲಿ ಬೀಳ್ಕೊಟ್ಟಿತು. ದುಡಿಮೆಯ ಕಾಲ ಮುಗಿದ ಮೇಲೆ ವಿಶ್ರಾಂತಿಯ ಕಾಲವೂ ಒಂದು ಬೇಡವೆ?

ನಾನು ಒಪ್ಪಲಾರದ್ದು ಇನ್ನೊಂದು ಬಗೆಯ ಒಡೆತನ. ಮೋಹದಿಂದ ಕೊಂಡು, ಎರಡು ಚಿತ್ರ ತೆಗೆಸಿಕೊಂಡು, ಮೊದಲ ದುರಸ್ತಿಯ ಪಟ್ಟಿ ಕಂಡೊಡನೆ ಟಾರ್ಪಾಲು ಹೊದಿಸಿ ಹಿತ್ತಲಿಗೆ ದೂಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ನಾಲ್ಕು ಮಳೆಗಾಲದಲ್ಲಿ ನೆಲ ಕರಗಿ, ಆಸನದಲ್ಲಿ ಇಲಿ ಮರಿ ಹಾಕಿ, ಗಾಡಿ ಗುಜರಿಯವನ ತಕ್ಕಡಿಗೆ ಬೀಳುತ್ತದೆ. “ಮಾರಿಬಿಡಿ” ಎಂದರೆ, “ಇರಲಿ, ಮುಂದೆ ಸರಿಮಾಡಿಸುತ್ತೇನೆ” ಎನ್ನುತ್ತಾರೆ. ಸಾಕಲಾರದವನು ಹಸುವನ್ನು ಕಟ್ಟಿಹಾಕಿ ಉಪವಾಸ ಕೆಡವಿದಂತೆ ಇದು. ಒಬ್ಬ ಮೊದಲನೆಯ ಒಡೆಯ ಮೂವತ್ತು ವರ್ಷ ಕಾಪಾಡಿಕೊಂಡು ಬಂದುದನ್ನು ಎರಡನೆಯವನು ಮೂರು ವರ್ಷದಲ್ಲಿ ಮುಗಿಸುವ ಹಕ್ಕನ್ನು ಅರುವತ್ತು ಸಾವಿರ ಕೊಟ್ಟು ಕೊಂಡಂತಾಗಲಿಲ್ಲ.

ಆದ್ದರಿಂದ ನಮ್ಮ ತರುಣ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟು. ಮೊದಲು ಒಬ್ಬ ಮೆಕ್ಯಾನಿಕ್ಕನ್ನು ಹುಡುಕಿರಿ, ಆಮೇಲೆ ಕಾರನ್ನು. ನಿಲ್ಲಿಸಲು ಮಳೆ ತಾಗದ ಒಂದು ನೆರಳಿರಲಿ. ಬೆಲೆಯಷ್ಟೇ ಹಣ ಬೇರೆ ಇರಲಿ. ರಜೆಯ ಒಂದು ತಿಂಗಳು ಅವರ ಗ್ಯಾರೇಜಿನಲ್ಲಿ ಕುಳಿತು, ಪಾಯಿಂಟು ಒರೆಸುವುದನ್ನೂ ಕಾರ್ಬ್ಯುರೇಟರು ಬಿಚ್ಚುವುದನ್ನೂ ಕಲಿಯಿರಿ, ಬಿ.ಎ. ಓದುವವರ ಕೈಗೆ ಗ್ರೀಸು ಹತ್ತಿದರೆ ಪದವಿಗೆ ಕುಂದಿಲ್ಲ. ಕಲಿತ ಮೇಲೂ ಕಾರು ಕೊಳ್ಳಬೇಕೆನಿಸಿದರೆ ನನ್ನಲ್ಲಿಗೆ ಬನ್ನಿರಿ. ಅಯಸ್ಕಾಂತವನ್ನು ನಾನೇ ತರುತ್ತೇನೆ, ಜೊತೆಯಲ್ಲಿ ಹೋಗಿ ನೋಡೋಣ. ಕೊಳ್ಳದೆ ಹೋದರೂ ಆ ಹಿರಿಯರ ವಿದ್ಯೆಯಲ್ಲಿ ಒಂದು ಪಾಲು ನಿಮ್ಮಲ್ಲಿ ಉಳಿದಿರುತ್ತದೆ. ಅದು ಉಳಿಯಲೆಂದು ಹಾರೈಸುತ್ತೇನೆ.